ಉಪವಾಕ್ಯ ಕಳಚಿದ ಗಾದೆ: ‘ಹೋಮೋ ಹೋಮಿನಿ ಲೂಪುಸ್’ ನಡೆದುಬಂದ ದಾರಿ

ಮನುಷ್ಯ ಸ್ವಭಾವವನ್ನು ಕುರಿತ ಲ್ಯಾಟಿನ್ ಗಾದೆಗಳಲ್ಲಿ ‘ಹೋಮೋ ಹೋಮಿನಿ ಲೂಪುಸ್’, ಅಂದರೆ ಮನುಷ್ಯನಿಗೆ ಮನುಷ್ಯನೇ ತೋಳ ಎಂಬುದು, ತೀರ ಕಠೋರವಾದದ್ದೆಂದು ಹೆಸರಾಗಿದೆ. ಈ ಕಾಠಿಣ್ಯವು ಮೂಲದ್ದಲ್ಲ. ಒಂದು ಉಪವಾಕ್ಯದ ಲೋಪದಿಂದ ಒದಗಿದ್ದು ಎಂಬುದು ನಮ್ಮ ವಾದ.

ಮಾತಿನ ಮೂಲ ಒಂದು ಹಾಸ್ಯನಾಟಕ. ಕ್ರಿ.ಪೂ. 184ರಲ್ಲಿ ತೀರಿಕೊಂಡನೆಂದು ಸಿಸೆರೊ ಹೇಳುವ ಪ್ಲಾಟಸ್‌ನ ‘ಅಸಿನಾರಿಯಾ’ದಲ್ಲಿ, ಕತ್ತೆಗಳನ್ನು ಕೊಂಡ ಬಾಬ್ತಿನ ಇಪ್ಪತ್ತು ಮಿನಾ ಹಣವನ್ನು ವ್ಯಾಪಾರಿಯೊಬ್ಬ ತಂದಿದ್ದಾನೆ. ಅದನ್ನು ಲಪಟಾಯಿಸಲು ಲಿಯೊನಿಡಾ ಎಂಬ ಗುಲಾಮ ಮನೆಯ ಮೇಲ್ವಿಚಾರಕನಾದ ಸೌರಿಯನ ಸೋಗು ಹಾಕುತ್ತಾನೆ. ನೀನು ಅವನೇ ಇರಬಹುದು, ಆದರೆ ನನಗೆ ಪರಿಚಯವಿಲ್ಲ ಎಂದು ವ್ಯಾಪಾರಿ ಹಣ ಕೊಡಲೊಪ್ಪುವುದಿಲ್ಲ. ಆಗ ಅವನಾಡುವ ಮಾತಿನಲ್ಲಿ ತೋಳದ ರೂಪಕದ ಬೆನ್ನಿಗೇ ಒಂದು ಕಾಲವಾಚಿ ಉಪವಾಕ್ಯವಿದೆ: ಎಂಥವನೆಂದು ಅರಿಯದಿರುವಾಗ. ಹೀಗಾಗಿ ಅವನದು ಮನುಷ್ಯ ಸ್ವಭಾವದ ಮೇಲಿನ ತೀರ್ಪಲ್ಲ; ಅಪರಿಚಿತನ ಕೈಗೆ ಹಣ ಕೊಡಬಾರದೆಂಬ ಸಂತೆಯ ವಿವೇಕ. ನಾಟಕವಾದರೋ ಈ ವಿವೇಕವನ್ನೂ ಗೇಲಿ ಮಾಡದೆ ಬಿಡುವುದಿಲ್ಲ. ಕೊನೆಗೆ ಸುಳ್ಳು ಸಾಕ್ಷಿ ಹೇಳಿ ಹಣ ಕೊಡಿಸುವವನು ವ್ಯಾಪಾರಿಗೆ ಚೆನ್ನಾಗಿ ಪರಿಚಿತನಾದ ಮನೆಯ ಯಜಮಾನ ಡೆಮೀನೆಟಸನೇ!

ಆ ಉಪವಾಕ್ಯದ ಕ್ರಿಯಾಪದ ‘ನೋವಿತ್’ ರೂಪದಲ್ಲಿ ಭೂತ, ಅರ್ಥದಲ್ಲಿ ವರ್ತಮಾನ; ಅದರ ಕರ್ತೃ ಅಧ್ಯಾಹಾರ. ಅರಿಯದವನು ತೋಳವಾದವನೋ ಎದುರಿಗಿರುವವನೋ ಎಂಬುದನ್ನು ವ್ಯಾಕರಣವು ನಿರ್ಣಯಿಸದು, ಸಂದರ್ಭವೇ ನಿರ್ಣಯಿಸಬೇಕು. ಕನ್ನಡದ ‘ಅರಿಯದಿರುವಾಗ’ ಎಂಬ ರೂಪವೂ ಕರ್ತೃವನ್ನು ಹೇಳದೆ ಉಳಿಸಬಲ್ಲದಾದ್ದರಿಂದ ಈ ಸಂದಿಗ್ಧತೆ ನಮ್ಮಲ್ಲಿ ನಷ್ಟವಾಗುವುದಿಲ್ಲ.

ಗಾದೆಯಾಗುವಾಗ ಉಪವಾಕ್ಯದೊಡನೆ ‘ಎಸ್ತ್’ ಎಂಬ ಅಸ್ತಿತ್ವವಾಚಿಯೂ ಬಿದ್ದುಹೋಯಿತು. ಮೊದಲಲ್ಲಿದ್ದ ‘ಲೂಪುಸ್’ ಕೊನೆಗೆ ಸರಿಯಿತು. ಉಳಿದದ್ದು ಕಾಲದ ಗುರುತೇ ಇಲ್ಲದ ಮೂರು ನಾಮಪದಗಳು. ಅಂಥ ವಾಕ್ಯವನ್ನು ಓದುಗನು ಸಾರ್ವತ್ರಿಕ ನಿಯಮವಾಗಿ ಗ್ರಹಿಸುವುದು ಸಹಜ. ಕನ್ನಡದಲ್ಲಿ ಕ್ರಿಯಾಪದವಿಲ್ಲದ ನಾಮವಾಕ್ಯ ದಿನಬಳಕೆಯದು. ಆದ್ದರಿಂದ ಏನೋ ಬಿದ್ದುಹೋಗಿದೆ ಎಂಬ ಸುಳಿವು ಅನುವಾದದಲ್ಲಿ ಸಿಗುವುದೇ ಇಲ್ಲ. ಮೇಲಾಗಿ ನಾವು ‘ಮನುಷ್ಯನೇ’ ಎಂದು ಅವಧಾರಣೆಯ ‘ಏ’ಕಾರವನ್ನು ಸೇರಿಸಿಬಿಡುತ್ತೇವೆ. ಲ್ಯಾಟಿನ್ ಗಾದೆಯಲ್ಲಿ ಅದಕ್ಕೆ ಆಧಾರವಿಲ್ಲ. ಈ ಲೇಖನದ ಮೊದಲ ವಾಕ್ಯದಲ್ಲಿ ನಾವೂ ಅದನ್ನೇ ಮಾಡಿದ್ದೇವೆ.

ಇದರ ಜೋಡಿ ಗಾದೆಗೂ ಇದೇ ಗತಿ. ಮನುಷ್ಯನು ಮನುಷ್ಯನಿಗೆ ದೇವರು ಎಂಬ ಮಾತು ಹಾಸ್ಯನಾಟಕಕಾರ ಕೈಸಿಲಿಯಸ್‌ನದೆಂದು ಸಿಮ್ಮಾಕಸ್ ತನ್ನ ಪತ್ರವೊಂದರಲ್ಲಿ ಉಲ್ಲೇಖಿಸುತ್ತಾನೆ. ಅಲ್ಲಿಯೂ ಒಂದು ಷರತ್ತಿದೆ: ತನ್ನ ಕರ್ತವ್ಯವನ್ನು ಅವನು ಬಲ್ಲವನಾದರೆ. ಕೇಡಿಗೊಂದು, ಒಳಿತಿಗೊಂದು ಎಂಬಂತೆ ಎರಡು ಮಾತುಗಳಿಗೂ ಅರಿವಿನ ಷರತ್ತೇ ಇತ್ತೆಂಬುದು ಗಮನಾರ್ಹ; ಗಾದೆಗಳಾಗಿ ಚಲಾವಣೆಗೆ ಬಂದಾಗ ಎರಡೂ ಅದನ್ನು ಕಳೆದುಕೊಂಡವು.

ಈ ಲೋಪಕ್ಕೆ ಎರಾಸ್ಮಸ್‌ನನ್ನು ದೂರುವುದು ಅನ್ಯಾಯ. ‘ಅಡಾಜಿಯಾ’ ಸಂಕಲನದಲ್ಲಿ ಆತ ಈ ಎರಡನ್ನೂ ಅಕ್ಕಪಕ್ಕದಲ್ಲಿ, ಮೊಟಕಾದ ರೂಪದಲ್ಲೇ ಶೀರ್ಷಿಕೆಗಳಾಗಿ ಇಟ್ಟನು, ನಿಜ. ಆದರೆ ತೋಳದ ಗಾದೆಯು ಅಪರಿಚಿತನನ್ನು ನಂಬಬಾರದೆಂದು ಎಚ್ಚರಿಸುತ್ತದೆ ಎಂಬುದೇ ಅವನ ವಿವರಣೆ. ಶೀರ್ಷಿಕೆ ಊರೂರು ತಿರುಗಿತು, ವಿವರಣೆ ಪುಟದಲ್ಲೇ ಉಳಿಯಿತು. ಕೋಶಗಳ ಮುಖ್ಯಪದಗಳನ್ನು ಆಯುವ ನಮ್ಮಂಥವರಿಗೆ ಇದು ಹೊಸ ಸಂಗತಿಯೇನಲ್ಲ.

1642ರ ‘ದೆ ಸಿವೆ’ಯ ಅರ್ಪಣಪತ್ರದಲ್ಲಿ ಹಾಬ್ಸ್ ಎರಡೂ ಗಾದೆಗಳು ಸತ್ಯವೆಂದು ಒಪ್ಪುತ್ತಾನೆ: ನಾಗರಿಕರ ಪರಸ್ಪರ ಸಂಬಂಧಕ್ಕೆ ದೇವರ ಗಾದೆ, ರಾಜ್ಯ ರಾಜ್ಯಗಳ ನಡುವಣ ಸಂಬಂಧಕ್ಕೆ ತೋಳದ ಗಾದೆ. ಬಿದ್ದುಹೋದ ಷರತ್ತಿನ ಜಾಗದಲ್ಲಿ ಆತ ತನ್ನದೇ ಷರತ್ತನ್ನು ಕೂರಿಸಿದನೆನ್ನಬೇಕು. ಹಾಬ್ಸ್ ಮನುಷ್ಯನನ್ನು ತೋಳವೆಂದನು ಎಂದಷ್ಟೇ ಹೇಳುವ ರೂಢಿ ಅದನ್ನೂ ಕಳಚಿಹಾಕಿದೆ. 1930ರಲ್ಲಿ ಫ್ರಾಯ್ಡ್ ನಾಗರಿಕತೆಯ ಅತೃಪ್ತಿಗಳನ್ನು ಕುರಿತ ತನ್ನ ಜರ್ಮನ್ ಕೃತಿಯಲ್ಲಿ ಈ ಮೂರು ಪದಗಳನ್ನು ಲ್ಯಾಟಿನ್‌ನಲ್ಲೇ ಇಟ್ಟು, ಬದುಕಿನ ಮತ್ತು ಚರಿತ್ರೆಯ ಅನುಭವವಾದ ಮೇಲೆ ಇದನ್ನು ಅಲ್ಲಗಳೆಯುವ ಧೈರ್ಯ ಯಾರಿಗಿದೆ ಎಂದು ಕೇಳುತ್ತಾನೆ. ಆ ವೇಳೆಗೆ ವ್ಯಾಪಾರಿಯೂ ಅವನ ಇಪ್ಪತ್ತು ಮಿನಾವೂ ವಾಕ್ಯದಿಂದ ಪೂರ್ತಿಯಾಗಿ ಹೊರಬಿದ್ದಿದ್ದವು.