ಚರ್ಮದ ಹಾಸಿನ ಮೇಲೊಂದು ವಲೀಮಾ

ಹಿಜರಿ 7ನೇ ವರ್ಷ (ಕ್ರಿ.ಶ. 628). ಖೈಬರ್ ಯುದ್ಧದಲ್ಲಿ ಸೆರೆಯಾಗಿದ್ದ ಹಝ್ರತ್ ಸಫಿಯ್ಯಾ(ರ)ರನ್ನು ಪ್ರವಾದಿವರ್ಯರು(ಸ) ವಿಮೋಚನೆಗೊಳಿಸಿ ವಿವಾಹವಾದರು. ಆ ವಿಮೋಚನೆಯೇ ಅವರ ಮಹ್ರ್ ಆಗಿತ್ತು. ಮದೀನಾಕ್ಕೆ ಮರಳುವ ದಾರಿಯಲ್ಲಿ ಮೂರು ದಿನಗಳ ತಂಗುವಿಕೆ. ಬಯಲೇ ಮದುವೆ ಮನೆ.

ಆ ವಲೀಮಾದಲ್ಲಿ ರೊಟ್ಟಿಯಾಗಲಿ ಮಾಂಸವಾಗಲಿ ಇರಲಿಲ್ಲವೆಂದು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಚರ್ಮದ ಹಾಸುಗಳನ್ನು ಹಾಸಲಾಯಿತು. ಸಹಾಬಿಗಳು ತಮ್ಮಲ್ಲಿದ್ದುದನ್ನು ತಂದರು: ಒಬ್ಬರು ಖರ್ಜೂರ, ಇನ್ನೊಬ್ಬರು ತುಪ್ಪ, ಮತ್ತೊಬ್ಬರು ಒಣಗಿಸಿದ ಗಟ್ಟಿ ಮೊಸರು. ಎಲ್ಲವನ್ನೂ ಬೆರೆಸಿ ‘ಹೈಸ್’ ಎಂಬ ಸಿಹಿಯನ್ನು ಮಾಡಿ ಉಂಡರು.

ಈ ಮದುವೆ ಸರಳವಾಗಿತ್ತು, ಆದರೆ ಗುಟ್ಟಾಗಿರಲಿಲ್ಲ. ಜೊತೆಗಿದ್ದವರೆಲ್ಲರೂ ಅದರಲ್ಲಿ ಪಾಲುಗೊಂಡರು. ನಿಕಾಹ್‌ಗೆ ಬೇಕಾದುದು ಸಮ್ಮತಿ, ಸಾಕ್ಷಿ, ಮಹ್ರ್ ಮತ್ತು ಬಹಿರಂಗತೆ, ಆಡಂಬರವಲ್ಲ.

ಇಂದು ನಾವು ಏನು ಮಾಡುತ್ತಿದ್ದೇವೆ? ಸಭಾಂಗಣದ ಬಾಡಿಗೆಗಾಗಿ, ಬಗೆಬಗೆಯ ಬಿರಿಯಾನಿಗಾಗಿ ತಂದೆಯಂದಿರು ಸಾಲಗಾರರಾಗುತ್ತಿದ್ದಾರೆ. ಖರ್ಚಿಗೆ ಹೆದರಿ ಎಷ್ಟೋ ಹೆಣ್ಣುಮಕ್ಕಳ ನಿಕಾಹ್ ಮುಂದೂಡಲ್ಪಡುತ್ತಿದೆ. ಮನೆಯಂಗಳದಲ್ಲಿ ಹತ್ತಿರದವರನ್ನು ಕೂರಿಸಿ, ಇದ್ದುದನ್ನು ಬಡಿಸಿ ಮದುವೆ ಮಾಡಿದರೆ ನಮ್ಮ ಮಾನ ಹೋಗುತ್ತದೆಂಬ ಭಯ ನಮಗೆ.

ಪ್ರವಾದಿವರ್ಯರ(ಸ) ವಲೀಮಾಕ್ಕೆ ಸಾಕಾದದ್ದು ನಮಗೇಕೆ ಸಾಲದು? ಮುಂದಿನ ಮದುವೆಯ ಮಾತುಕತೆಗೆ ಕುಳಿತಾಗ, ಲೆಕ್ಕ ಹಾಕುವ ಮೊದಲು ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳೋಣ.