ಕಾರ್ಕಳದ ಎರಡು ಬುಧವಾರ

ಕಾರ್ಕಳಕ್ಕೆ ಎರಡು ಬಗೆಯ ಯಾತ್ರಿಕರು ಬರುತ್ತಾರೆ. ಒಬ್ಬರು ಗುಡ್ಡ ಹತ್ತಿ ಗೊಮ್ಮಟನನ್ನು ಕಾಣುತ್ತಾರೆ. ಇನ್ನೊಬ್ಬರು ಊರಾಚೆ ಅತ್ತೂರಿನ ಸಂತ ಲಾರೆನ್ಸರಿಗೆ ಮೊಂಬತ್ತಿ ಹಚ್ಚುತ್ತಾರೆ. ಅಲ್ಲಿನ ಜನವರಿಯ ಜಾತ್ರೆ ಸಾಂತ್‌ಮಾರಿಗೆ ಜಾತಿಮತದ ಲೆಕ್ಕವಿಲ್ಲ.

ಅತ್ತೂರಿನ ಐತಿಹ್ಯ ಹೀಗಿದೆ: 1759ರಲ್ಲಿ ಇಗರ್ಜಿ ಎದ್ದಿತು, 1784ರಲ್ಲಿ ಟಿಪ್ಪುವಿನ ಆಳುಗಳು ಅದನ್ನು ಕೆಡವಿ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು, 1799ರ ಬಳಿಕ ಮರಳಿದವರು ಸಂತರ ಮರದ ವಿಗ್ರಹ ಹೊತ್ತು ಜಾಗ ಹುಡುಕುತ್ತಿದ್ದಾಗ, ಕೊಳದ ಬಳಿ ಇಳಿಸಿದ ವಿಗ್ರಹ ಮತ್ತೆ ಮೇಲೇಳಲಿಲ್ಲ. ಪವಾಡವನ್ನು ಕಡತದಿಂದ ಅಳೆಯಲಾಗದು, ಅದು ನನ್ನ ಕೆಲಸವೂ ಅಲ್ಲ. ಆದರೆ ಇಸವಿಗಳನ್ನು ಪರೀಕ್ಷಿಸಬಹುದು.

1799ಕ್ಕೆ ಗಟ್ಟಿ ಆಧಾರವಿದೆ: ಶ್ರೀರಂಗಪಟ್ಟಣ ಬಿದ್ದದ್ದು ಆ ವರ್ಷದ ಮೇ 4ರಂದು. ತೊಡಕು ಇರುವುದು 1784ರಲ್ಲಿ. ಸೆರೆಯಾದವರೆಷ್ಟು? ತಾನೇ ಟಿಪ್ಪುವಿನ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಹೇಳಿದ್ದು 30,000. ಕೆನರಾದ ಕಲೆಕ್ಟರ್ ಥಾಮಸ್ ಮನ್ರೋ ಹೇಳಿದ್ದು 60,000. ಎರಡೂ ಅಂದಾಜು. ಇವನ್ನು ಕೂಡಿಸಿ ಸರಾಸರಿ ತೆಗೆದರೆ ಸತ್ಯ ಸಿಗುವುದಿಲ್ಲ; ಈ ದಾರಿ ಇಲ್ಲಿಗೇ ನಿಲ್ಲುತ್ತದೆ.

ದಿನಾಂಕದ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು: 1784ರ ಫೆಬ್ರವರಿ 24, ವಿಭೂತಿ ಬುಧವಾರ. ಇಷ್ಟು ಒಮ್ಮತ ಕಂಡಾಗಲೇ ಲೆಕ್ಕ ಹಾಕಿ ನೋಡಬೇಕೆನಿಸಿತು. ಅದಕ್ಕೆ ಕಾರ್ಕಳದ ಗುಡ್ಡವೇ ಮಾದರಿ. ಗೊಮ್ಮಟನ ಶಾಸನ ಶಕ 1353, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ ಎನ್ನುತ್ತದೆ. ವಿದ್ವಾಂಸರು ಅದನ್ನು 1432ರ ಫೆಬ್ರವರಿ 13 ಎಂದು ಗುರುತಿಸಿದ್ದಾರೆ. ಎಣಿಸಿದೆ, ಅಂದು ಬುಧವಾರವೇ. ಗೊಮ್ಮಟನನ್ನು ನಿಲ್ಲಿಸಿದ ಅರಸ ವೀರಪಾಂಡ್ಯನ ಕಲ್ಲು ಈ ಪರೀಕ್ಷೆಯಲ್ಲಿ ಗೆದ್ದಿತು.

ಅತ್ತೂರಿನವರ ಬುಧವಾರಕ್ಕೂ ಅದೇ ಪರೀಕ್ಷೆ ಇಟ್ಟೆ. 1784ರಲ್ಲಿ ಈಸ್ಟರ್ ಬಿದ್ದದ್ದು ಏಪ್ರಿಲ್ 11ಕ್ಕೆ. ವಿಭೂತಿ ಬುಧವಾರ ಅದಕ್ಕೆ 46 ದಿನ ಮೊದಲು. ಅದು ಅಧಿಕ ವರ್ಷ. ಫೆಬ್ರವರಿಗೆ 29 ದಿನ. ಹಿಂದಕ್ಕೆ ಎಣಿಸಿದರೆ ಸಿಗುವುದು ಫೆಬ್ರವರಿ 25. 24 ಮಂಗಳವಾರ!

ಹಳೆ ಮತ್ತು ಹೊಸ ಕ್ಯಾಲೆಂಡರುಗಳ ಗೊಂದಲವಿರಬಹುದೇ? ಆ ಕಾಲಕ್ಕೆ ಅವುಗಳ ಅಂತರ 11 ದಿನ, ಒಂದು ದಿನವಲ್ಲ. ಮಂಗಳವಾರ ರಾತ್ರಿ ಶುರುವಾದ ಬಂಧನ ಬೆಳಗಿನ ಹೊತ್ತಿಗೆ ಹಬ್ಬಿತೇ? ಸಾಧ್ಯ, ಆದರೆ ಇದು ನನ್ನ ಊಹೆ. ನಾನು ಹೆಚ್ಚು ನಂಬುವುದು ಬುಧವಾರವನ್ನು. ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ದಿನವನ್ನು ಸಮುದಾಯವೊಂದು ಮರೆಯುವುದು ಕಷ್ಟ. ಬರಹದಲ್ಲಿ ಅಂಕಿಯೊಂದು ಜಾರುವುದು ಸುಲಭ.

ಅತ್ತೂರು 2016ರಲ್ಲಿ ಬಸಿಲಿಕವಾಯಿತು. ಅದರ ಚರಿತ್ರೆಯನ್ನು ಈಗ ಹೆಚ್ಚು ಜನ ಬರೆಯುತ್ತಿದ್ದಾರೆ. ಅವರಲ್ಲಿ ಒಂದು ವಿನಂತಿ: ಫೆಬ್ರವರಿ 24 ಎಂದಾದರೆ ಮಂಗಳವಾರ ಎನ್ನಿ, ವಿಭೂತಿ ಬುಧವಾರ ಎಂದಾದರೆ 25 ಎನ್ನಿ. ಎರಡನ್ನೂ ಒಟ್ಟಿಗೆ ಬರೆಯಬೇಡಿ. ಮನೆಯ ಹಳೆ ಪ್ರಾರ್ಥನಾ ಪುಸ್ತಕದ ಅಂಚಿನಲ್ಲಿ ಆ ದಿನದ ಗುರುತೇನಾದರೂ ಇದ್ದರೆ, ದಯವಿಟ್ಟು ಬೆಳಕಿಗೆ ತನ್ನಿ.