ಗೆರೆ ಮತ್ತು ಗಳಿಗೆ: ರನೌಟ್ ನಿಯಮದ ವಿವೇಚನೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಟೆನಿಸ್ ಬಾಲ್ ಪಂದ್ಯಗಳಲ್ಲಿ ಮಾತಿಗೆ ಮಾತು ಬೆಳೆಯುವುದು ಹೆಚ್ಚಾಗಿ ರನೌಟ್ ತೀರ್ಪಿನ ಮೇಲೆ. ಎಲ್‌ಬಿಡಬ್ಲ್ಯು ಬಿಟ್ಟು ಆಡುವ ರೂಢಿ ಇರುವಲ್ಲಿ ಅಂಪೈರ್‌ನ ಹೊಣೆಯೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಕ್ಯಾಮೆರಾ ಇಲ್ಲದ ಕೆರೆಯಂಗಳದಲ್ಲಿ ಈ ನಿಯಮವನ್ನು ಸರಿಯಾಗಿ ಪಾಲಿಸಲಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಈ ನಿಯಮ ಹುಟ್ಟಿದ್ದೇ ಬರಿಗಣ್ಣಿನ ಅಂಪೈರ್‌ಗಾಗಿ. ತೊಡಕಿರುವುದು ಅದರ ಒಂದೇ ಒಂದು ಕಲಮಿನಲ್ಲಿ.

ಮೊದಲು ಗೆರೆಯ ವಿಷಯ. ಕ್ರೀಸ್ ಎಂದರೆ ಬಳಿದ ಸುಣ್ಣದ ಅಗಲವಲ್ಲ, ಸ್ಟಂಪ್ಸ್ ಕಡೆಗಿರುವ ಅದರ ಅಂಚು. ಬ್ಯಾಟ್ ಅಥವಾ ಮೈಯ ಒಂದು ಭಾಗ ಆ ಅಂಚಿನ ಒಳಗೆ ನೆಲ ಮುಟ್ಟಿರಬೇಕು. ಗೆರೆಯ ಮೇಲಷ್ಟೇ ಇದ್ದರೆ ಔಟ್. ಇನ್ನು ಬೇಲ್ಸ್. ಬಯಲುಗಾಳಿಗೆ ಅವು ನಿಲ್ಲದಿದ್ದರೆ ಬೇಡವೆಂದು ಅಂಪೈರ್‌ಗಳೇ ತೀರ್ಮಾನಿಸಬಹುದು. ಆಗ ಚೆಂಡಾಗಲಿ, ಚೆಂಡು ಹಿಡಿದ ಕೈಯಾಗಲಿ ಸ್ಟಂಪಿಗೆ ತಾಗಿತೆಂದು ಅಂಪೈರ್‌ಗೆ ಮನದಟ್ಟಾದರೆ ಸಾಕು. ಬೇಲ್ಸ್ ಇಟ್ಟು ಆಡುವಾಗ ಎರಡೂ ಮೊದಲೇ ಬಿದ್ದಿದ್ದರೆ ಮಾತ್ರ ಸ್ಟಂಪನ್ನು ಕೀಳಬೇಕು. ಚೆಂಡು ಎಡಗೈಯಲ್ಲಿದ್ದು ಬಲಗೈಯಿಂದ ಕಿತ್ತರೆ ಔಟಲ್ಲ. ಇವಿಷ್ಟನ್ನೂ ಕ್ರೀಸ್‌ನ ನೇರಕ್ಕೆ ಸರಿದು ನಿಂತ ಅಂಪೈರ್ ಕಣ್ಣಳತೆಯಲ್ಲೇ ಹೇಳಬಲ್ಲ.

2016ರ ಮಾರ್ಚ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಟಿ20 ವಿಶ್ವಕಪ್ ಪಂದ್ಯ ಇದಕ್ಕೆ ಒಳ್ಳೆಯ ಪಾಠ. ಭಾರತದ 146ಕ್ಕೆ ಎದುರಾಗಿ ಬಾಂಗ್ಲಾದೇಶಕ್ಕೆ ಕೊನೆಯ ಎಸೆತದಲ್ಲಿ ಗೆಲ್ಲಲು ಎರಡು, ಸಮ ಮಾಡಿಕೊಳ್ಳಲು ಒಂದು ರನ್ ಬೇಕಿತ್ತು. ಹಾರ್ದಿಕ್ ಪಾಂಡ್ಯ ಎಸೆದ ಚೆಂಡು ಶುವಗತ ಹೋಮ್ ಬ್ಯಾಟಿಗೆ ಸಿಗಲಿಲ್ಲ. ಬಲಗೈ ಗ್ಲೌಸ್ ಮೊದಲೇ ಕಳಚಿಟ್ಟಿದ್ದ ಧೋನಿ ಚೆಂಡನ್ನು ಎಸೆಯದೆ ತಾವೇ ಓಡಿಬಂದು ವಿಕೆಟ್ ಮುರಿದರು. ವಿಕೆಟ್‌ಕೀಪರ್ ಮುರಿದರೂ ಅದು ಸ್ಟಂಪಿಂಗ್ ಅಲ್ಲ, ಏಕೆಂದರೆ ಬ್ಯಾಟರ್‌ಗಳು ರನ್ನಿಗಾಗಿ ಓಡುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ದಾಟಿದ್ದರಿಂದ ಮುರಿದ ವಿಕೆಟ್‌ಗೆ ಹತ್ತಿರವಿದ್ದ ಮುಸ್ತಫಿಜುರ್ ರೆಹಮಾನ್ ಔಟಾದರು. ಓಡುತ್ತಿದ್ದ ರನ್ ಲೆಕ್ಕಕ್ಕೆ ಬರಲಿಲ್ಲ. ಭಾರತ ಒಂದು ರನ್ನಿನಿಂದ ಗೆದ್ದಿತು. ಮೂರನೇ ಅಂಪೈರ್ ನೋಡಿದ್ದೂ ಎರಡೇ ಸಂಗತಿ: ಬೇಲ್ಸ್ ಯಾವಾಗ ಹಾರಿತು, ಆಗ ಬ್ಯಾಟ್ ಎಲ್ಲಿತ್ತು.

ತೊಡಕಿನ ಕಲಮು ನಾನ್-ಸ್ಟ್ರೈಕರ್‌ನದು: ಚೆಂಡು ಬಿಡುವ ಮುನ್ನವೇ ಅವನು ಕ್ರೀಸ್ ಬಿಟ್ಟು ಹೊರಟರೆ ಬೌಲರ್ ಅವನನ್ನು ರನೌಟ್ ಮಾಡಬಹುದು. 1947ರ ಡಿಸೆಂಬರ್‌ನಲ್ಲಿ ಸಿಡ್ನಿ ಟೆಸ್ಟ್‌ನಲ್ಲಿ ವಿನೂ ಮಂಕಡ್ ಬಿಲ್ ಬ್ರೌನ್‌ರನ್ನು ಹೀಗೆ ಔಟ್ ಮಾಡಿದಂದಿನಿಂದ ಅದಕ್ಕೆ ಕಳಂಕದ ಹೆಸರು ಅಂಟಿಕೊಂಡಿತು. ಅಪ್ರಾಮಾಣಿಕ ಆಟದ 41ನೇ ನಿಯಮದಲ್ಲಿದ್ದ ಅದನ್ನು 2022ರ ಅಕ್ಟೋಬರ್ 1ರಿಂದ ರನೌಟ್‌ನ 38ನೇ ನಿಯಮಕ್ಕೆ ಸೇರಿಸಿದರು. ಮುಂಚೆ ಹೊರಟವನದೇ ತಪ್ಪು ಎಂದು ಒಪ್ಪಿದ ಈ ಬದಲಾವಣೆ ತೀರಾ ತಡವಾಗಿ ಬಂತು ಎಂದೇ ನನ್ನ ಅಭಿಪ್ರಾಯ. ಆದರೆ ಇಲ್ಲಿನ ಅಳತೆ ಗೆರೆಯೊಂದೇ ಅಲ್ಲ, ಬೌಲರ್ ಸಹಜವಾಗಿ ಚೆಂಡು ಬಿಡಬೇಕಿದ್ದ ಗಳಿಗೆಯೂ ಹೌದು. ಬಿಡದ ಚೆಂಡಿನ ಗಳಿಗೆಯನ್ನು ಅಂಪೈರ್ ಊಹಿಸಲೇಬೇಕು.

2023ರ ಏಪ್ರಿಲ್ 10ರಂದು ಅದೇ ಚಿನ್ನಸ್ವಾಮಿ ಅಂಗಳದಲ್ಲಿ ಐಪಿಎಲ್ ಪಂದ್ಯ. ಸ್ಕೋರು ಸಮ, ಉಳಿದದ್ದು ಒಂದು ಎಸೆತ, ಒಂದು ವಿಕೆಟ್. ನಾನ್-ಸ್ಟ್ರೈಕರ್ ಆಗಿದ್ದ ಲಖನೌದ ರವಿ ಬಿಷ್ಣೋಯಿ ಕ್ರೀಸ್ ಬಿಟ್ಟಿದ್ದನ್ನು ಕಂಡ ಬೆಂಗಳೂರಿನ ಹರ್ಷಲ್ ಪಟೇಲ್ ಓಡಿಬರುತ್ತಲೇ ಬೇಲ್ಸ್‌ಗೆ ಕೈ ಚಾಚಿದರು, ಸಿಗಲಿಲ್ಲ. ಮುಂದೆ ಸಾಗಿ, ತಿರುಗಿ ಎಸೆದ ಚೆಂಡು ನೇರ ಸ್ಟಂಪ್ಸ್‌ಗೆ ಬಡಿಯಿತು. ಬಿಷ್ಣೋಯಿ ಗೆರೆಯ ಹೊರಗೇ ಇದ್ದರೂ ತೀರ್ಪು ನಾಟೌಟ್. ಗಳಿಗೆ ಮೀರಿಹೋಗಿತ್ತು. ಎಸೆತ ಲೆಕ್ಕಕ್ಕೆ ಸೇರದ ಕಾರಣ ಹರ್ಷಲ್ ಮತ್ತೆ ಬೌಲ್ ಮಾಡಬೇಕಾಯಿತು. ಚೆಂಡು ದಿನೇಶ್ ಕಾರ್ತಿಕ್ ಕೈಜಾರಿದಾಗ ಲಖನೌ ಬೈ ಓಡಿ ಗೆದ್ದಿತು.

ನಮ್ಮ ತಾಲ್ಲೂಕುಗಳ ಟೂರ್ನಿ ನಡೆಸುವವರು ಟಾಸ್‌ಗೆ ಮುನ್ನವೇ ಎರಡೂ ನಾಯಕರಿಗೆ ಈ ಕಲಮನ್ನು ಓದಿ ಹೇಳಬೇಕು: ಬೌಲರ್‌ನ ಕೈ ಚೆಂಡು ಬಿಡುವ ಎತ್ತರಕ್ಕೆ ಬಂದಮೇಲೆ ನಾನ್-ಸ್ಟ್ರೈಕರ್ ಹೊರಡಬಹುದು, ಅದಕ್ಕೆ ಮುಂಚೆ ಹೊರಟರೆ ಔಟಾಗುವ ಹೊಣೆ ಅವನದೇ.